ಒಲೆಯ ಬಲಗಡೆಯ ಜಾಗ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಬಾಯಿ ಜೋರು. ತಾಮ್ರದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕುಲುಮೆಯ ಸದ್ದಿಗೆ ಎದುರಾಗಿ ಕೂಗಿ ಕೂಗಿ ಮಾತಾಡಿದವಳು. ಕಾರ್ಖಾನೆ ಮುಚ್ಚಿತು, ಬಾಯಿ ಮುಚ್ಚಲಿಲ್ಲ. ಗಡಿ ಪಕ್ಕದ ನಮ್ಮ ಕುಕಸ್ ಊರಿನಲ್ಲಿ ಈ ಸೆಲ್ವಿಯೆ ಮೂರನೇ ಮಹಡಿಯಲ್ಲಿ ಮಾತಾಡಿದರೆ ಸರೋವರದ ದಂಡೆಗೆ ಕೇಳುತ್ತದೆ ಅನ್ನುತ್ತಾರೆ. ಅನ್ನಲಿ ಬಿಡಿ. ಆದರೆ ತೊಂಬತ್ತೊಂಬತ್ತರ ವಸಂತದಲ್ಲಿ ಈ ಬಾಯಿಂದ ಏನಾಯಿತೋ ಅದು ಮಾತ್ರ ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ತಪ್ಪು ನನ್ನದೋ, ಆ ಅಜ್ಜನದೋ, ನಮ್ಮ ಹಿರಿಯರು ಮಾಡಿಟ್ಟ ಕಟ್ಟಳೆಯದೋ? ಹೇಳುತ್ತೇನೆ, ನೀವೇ ನೋಡಿ.

ಏಪ್ರಿಲ್ ಮೊದಲ ವಾರ. ಗಡಿಯಾಚೆ ಕೊಸೊವೊದಲ್ಲಿ ಸರ್ಬರ ಸೈನ್ಯ ನಮ್ಮ ಭಾಷೆಯಾಡುವ ನಮ್ಮ ಜನರನ್ನು ಮನೆ ಮನೆಯಿಂದ ಎಬ್ಬಿಸಿ ಓಡಿಸುತ್ತಿತ್ತು. ಟ್ರ್ಯಾಕ್ಟರುಗಳು ಸಾಲುಗಟ್ಟಿ ಗಡಿ ದಾಟಿ ನಮ್ಮೂರಿಗೆ ಇಳಿಯುತ್ತಿದ್ದವು. ಒಂದೊಂದು ಟ್ರೇಲರಿನಲ್ಲಿ ಹದಿನೈದು ಇಪ್ಪತ್ತು ಜನ, ಮೇಲೊಂದು ಪ್ಲಾಸ್ಟಿಕ್ ಹಾಳೆ. ನನ್ನ ಗಂಡ ನೆಜೀರ್ ರೊಟ್ಟಿ ತರುತ್ತೇನೆ ಎಂದು ಬೇಕರಿಗೆ ಹೋದವನು ರೊಟ್ಟಿ ಬಿಟ್ಟು ನಾಲ್ಕು ಜನರನ್ನು ಕರೆದುಕೊಂಡು ಬಂದ.

"ರೊಟ್ಟಿ ಎಲ್ರೀ?" ಎಂದೆ.

"ಮರೆತೆ ಕಣೇ. ಇವರು ಸಿಕ್ಕಿದ್ರು," ಎಂದ.

ಬಂದವರು ಎಪ್ಪತ್ತಾರು ವರ್ಷದ ಜೆನೂನಜ್ಜ, ಅವನ ಸೊಸೆ ಹನೀಫೆ, ಅವಳ ಇಬ್ಬರು ಹೆಣ್ಣುಮಕ್ಕಳು. ಹನೀಫೆಯ ಗಂಡ ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಡದ ಕೆಲಸಕ್ಕಿದ್ದ. ಅಜ್ಜನ ತಲೆಯ ಮೇಲೆ ಬಿಳಿ ಉಣ್ಣೆಯ ಟೋಪಿ, ಕೈಯಲ್ಲಿ ಕೋಲು, ಜೇಬಿನಲ್ಲಿ ಹೊಗೆಸೊಪ್ಪಿನ ಡಬ್ಬಿ. ಊರಲ್ಲಿ ಮೂರು ಅಂತಸ್ತಿನ ಮನೆ, ಬಂದುಹೋಗುವವರಿಗೆ ಅಂತಲೇ ಅಂಗಳದಲ್ಲಿ ಬೇರೆ ಕಟ್ಟಡ ಇತ್ತಂತೆ. ಎರಡನ್ನೂ ಸುಟ್ಟರಂತೆ. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ನಲ್ಲಿಯಲ್ಲಿ ನೀರು ದಿನಕ್ಕೆರಡು ಗಂಟೆ ಬರುತ್ತದೆ, ಅದೂ ಮನಸ್ಸಾದರೆ. ಅಜ್ಜ ಒಳಗೆ ಬಂದು ಸುತ್ತ ಕಣ್ಣು ಹಾಯಿಸಿದ. ಮೂರು ದಿನದಿಂದ ಅವನು ಯಾರ ಜೊತೆಗೂ ಮಾತಾಡಿಲ್ಲ ಎಂದು ಹನೀಫೆ ನನ್ನ ಕಿವಿಯಲ್ಲಿ ಹೇಳಿದಳು.

ನಮ್ಮಲ್ಲಿ ಚಳಿ ಕಾಯಿಸಲು ಮುಂದಿನ ಕೋಣೆಯಲ್ಲಿ ಉರಿಸುವ ಒಲೆಯ ಬಲಗಡೆಯ ಜಾಗ ಮನೆಯ ದೊಡ್ಡವರದು. ಯಾರಾದರೂ ಬಂದರೆ ದೊಡ್ಡವರು ಎದ್ದು ಆ ಜಾಗವನ್ನು ಬಂದವರಿಗೆ ಕೊಡಬೇಕು. ನೆಜೀರ್ ಎದ್ದ, ಅಜ್ಜನನ್ನು ಅಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟು, ತಾನು ಬಾಗಿಲ ಪಕ್ಕದ ಸ್ಟೂಲಿಗೆ ಹೋದ. ಸರಿಯಾಗಿಯೇ ಮಾಡಿದ. ಆದರೆ ನನ್ನ ಮಾತು ಕೇಳಿ, ಅದು ಒಂದು ರಾತ್ರಿ ಇದ್ದು ಬೆಳಿಗ್ಗೆ ಕುದುರೆ ಹತ್ತಿ ಹೋಗುವವರಿಗೆ ಮಾಡಿದ ಕಟ್ಟಳೆ. ತಿಂಗಳುಗಟ್ಟಲೆ ಇರುವವರಿಗೆ ಏನು ಮಾಡಬೇಕು ಅಂತ ಯಾವ ಹಿರಿಯನೂ ಹೇಳಿ ಹೋಗಿಲ್ಲ.

ನಾಲ್ಕನೇ ದಿನ ಕೆಳಗಿನ ಮನೆಯವನು ಅಜ್ಜನನ್ನು ಮಾತಾಡಿಸಲು ಬಂದು ಬಾಗಿಲು ತಟ್ಟಿದ. ನಾನು ಕೈ ಒರೆಸಿಕೊಂಡು ಏಳುವಷ್ಟರಲ್ಲಿ ಒಲೆಯ ಕಡೆಯಿಂದ ದನಿ ಬಂತು.

"ಬನ್ನಿ, ಬನ್ನಿ! ಒಳಗೆ ಬನ್ನಿ! ದಣಿವಾಯ್ತಾ? ಮನೇಲಿ ಎಲ್ಲಾ ಸೌಖ್ಯನಾ? ಕೂತ್ಕೊಳ್ಳಿ!"

ಅಜ್ಜ ಅರ್ಧ ಎದ್ದು ನಿಂತಿದ್ದ. ನಮ್ಮಲ್ಲಿ ಬಂದವರಿಗೆ ಕೊಡುವ ಮರ್ಯಾದೆಯಂತೆ, ಹೊಗೆಸೊಪ್ಪಿನ ಡಬ್ಬಿಯನ್ನು ಬಂದವನ ಕಡೆ ಎಸೆದ. ಆಮೇಲೆ ನನ್ನ ಕಡೆ ತಿರುಗಿ, "ಮಗಳೇ, ಕಾಫಿ!" ಎಂದ.

ನನ್ನ ಮನೆಯಲ್ಲಿ ನನಗೇ! ಆ ದಿನ ನಗು ಬಂತು. ಹನೀಫೆಗೆ ಅಳು ಬಂತು. ಅಡುಗೆಮನೆಗೆ ಓಡಿಬಂದು ನನ್ನ ತೋಳು ಹಿಡಿದುಕೊಂಡು, "ಅಕ್ಕಾ, ನಮ್ಮ ಮಾವ ಮಾತಾಡಿದ್ರು! ಊರಲ್ಲಿ ಹೀಗೇ ಮಾತಾಡ್ತಿದ್ರು!" ಎಂದಳು. ನಾವಿಬ್ಬರೂ ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಕಾಫಿ ಮಾಡಿದೆವು.

ಅವತ್ತಿನಿಂದ ಅಜ್ಜನ ಮುಖಕ್ಕೆ ಬಣ್ಣ ಬಂತು. ಉಂಡ, ನಿದ್ದೆ ಮಾಡಿದ, ಮೀಸೆ ಕತ್ತರಿಸಿಕೊಂಡ. ಎದುರಿನ ಕಟ್ಟಡಕ್ಕೆ ಗಡಿಯಾಚೆಯಿಂದ ಬಂದಿದ್ದ ಅವನ ವಯಸ್ಸಿನವನೇ ಒಬ್ಬ ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ, ಮೇ ತಿಂಗಳು ಬರುವ ಮೊದಲೇ ಹೋಗಿಬಿಟ್ಟ. ನಮ್ಮ ಅಜ್ಜ ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದ. ನೋಡಿದ್ದೇ ತಪ್ಪಾಯಿತು. ಒಂದು ದಿನ ಅಲ್ಲಿಂದಲೇ ಕೂಗಿದ.

"ಏಯ್ ಶಬಾನ್! ವಾರದ ಸಂತೇಲಿ ಎತ್ತು ಮಾರೋ ಶಬಾನ್ ಅಲ್ವೇನೋ ನೀನು? ರಸ್ತೇಲಿ ಯಾಕೆ ಕೂತಿದೀಯ? ಮೇಲೆ ಬಾರೋ! ಮನೆಯವರನ್ನೂ ಕರ್ಕೊಂಡು ಬಾ!"

ಆರು ಜನ ಮೇಲೆ ಬಂದರು. ಅಜ್ಜ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು, "ಈ ಮನೆ ನಿಮ್ಮದೇ ಅಂದ್ಕೊಳ್ಳಿ," ಎಂದ. ನಾನು ನೆಜೀರನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ.

ಅಡುಗೆಮನೆಯಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ. "ಏನ್ರೀ ಇದು? ಮನೆಗೆ ಬಂದವರೇ ಇನ್ನೊಬ್ಬರನ್ನ ಕರೀತಾರಾ? ಎಲ್ಲಾದ್ರೂ ಉಂಟಾ?"

"ನನ್ನ ನೆಂಟ ಕರೆದವನು ನನ್ನ ನೆಂಟ," ಎಂದ ನೆಜೀರ್. "ಆ ಜಾಗದಲ್ಲಿ ಕೂತವರ ಮಾತು ನನ್ನ ಮಾತು. ಬಾಯಿ ಮುಚ್ಕೊಂಡು ಬೀನ್ಸ್ ಬೇಯಿಸು."

ಬೇಯಿಸಿದೆ. ಹತ್ತು ದಿನ ಕಳೆದು ಇನ್ನೂ ಐದು ಜನ ಬಂದರು, ಗಂಡ ಹೆಂಡತಿ ಮತ್ತು ಮೂರು ಮಕ್ಕಳು. ಅವರು ಅಜ್ಜನಿಗೂ ಗೊತ್ತಿಲ್ಲದವರು, ಬರೀ ಮಳೆಯಲ್ಲಿ ನಿಂತಿದ್ದರು. ಒಟ್ಟು ಹದಿನೇಳು ಜನ. ನಾನೂ ನೆಜೀರನೂ ಅಡುಗೆಮನೆಯ ಮೇಜಿನ ಕೆಳಗೆ ಮಲಗತೊಡಗಿದೆವು, ಅವನ ಕಾಲು ಹೊರಗೆ, ನನ್ನ ತಲೆ ಹೊರಗೆ. ಶಬಾನನ ಹೆಂಡತಿ ಒಂದು ಬೆಳಿಗ್ಗೆ ಈರುಳ್ಳಿ ಸುಲಿಯುತ್ತಾ, "ನಿಮ್ಮ ಮಾವನವರು ದೊಡ್ಡ ಮನುಷ್ಯರು ಕಣಮ್ಮಾ. ನಿಮ್ಮ ಯಜಮಾನರು ಮಾತ್ರ ಸ್ವಲ್ಪ ಮೆತ್ತಗೆ, ಅಲ್ವಾ?" ಎಂದಳು. ಇವರು ನನ್ನ ಮಾವ ಅಲ್ಲ ಅಂತ ಬಾಯಿಗೆ ಬಂತು. ಹೇಳಿದರೆ ಅವಳು ತನ್ನವರನ್ನೆಲ್ಲ ಎಬ್ಬಿಸಿಕೊಂಡು ಹೊರಟುಬಿಡುತ್ತಾಳೆ. ಇನ್ನೊಂದು ಈರುಳ್ಳಿ ಎತ್ತಿ ಅವಳ ಮುಂದಿಟ್ಟೆ. ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ, ಇದು ನಾನು ಮದುವೆಯಾಗಿ ಬಂದ ಮನೆಯೇ ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬರತೊಡಗಿತು.

ಹೀಗಿರುವಾಗ ಮೇ ತಿಂಗಳ ಕೊನೆಗೆ ಯಾವುದೋ ಸಂಸ್ಥೆಯ ಹುಡುಗಿಯೊಬ್ಬಳು ಕಾಗದಗಳನ್ನು ಹಿಡಿದುಕೊಂಡು ಬಂದಳು. ವಿದೇಶಿ ಹುಡುಗಿ, ಚಿನ್ನದ ಬಣ್ಣದ ಕೂದಲು, ಕೆಸರು ಮೆತ್ತಿದ ಬೂಟು. ಅವಳ ಮಾತನ್ನು ನಮಗೆ ಹೇಳಲು ರಾಜಧಾನಿ ತಿರಾನಾದಿಂದ ಬಂದ ಪರ್ಪರಿಮ್ ಎಂಬ ಇಂಗ್ಲಿಷ್ ಮೇಷ್ಟ್ರು ಜೊತೆಗಿದ್ದರು. ಮನೆಗಳಲ್ಲಿ ಇಟ್ಟುಕೊಂಡ ನಿರಾಶ್ರಿತರು ಹೇಗಿದ್ದಾರೆ, ಉಣ್ಣುತ್ತಾರಾ, ಮಲಗುತ್ತಾರಾ, ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಾರಾ ಎಂದು ಬರೆದುಕೊಳ್ಳುವುದು ಅವರ ಕೆಲಸ.

"ಮನೆ ಯಜಮಾನರು ಯಾರು?" ಎಂದರು ಮೇಷ್ಟ್ರು.

ಮನೆಯಲ್ಲಿದ್ದವರೆಲ್ಲ ಒಲೆಯ ಕಡೆ ನೋಡಿದರು. ನೆಜೀರನೂ ಅಲ್ಲೇ ನೋಡಿದ. ನನ್ನ ಕಣ್ಣೂ, ದೇವರಾಣೆ, ಅಲ್ಲೇ ಹೋಯಿತು.

"ಬನ್ನಿ, ಕೂತ್ಕೊಳ್ಳಿ," ಎಂದ ಅಜ್ಜ. "ಮಗಳೇ, ಕಾಫಿ!"

"ನಿಮ್ಮ ಮನೇಲಿ ಎಷ್ಟು ಜನ ನಿರಾಶ್ರಿತರನ್ನ ಇಟ್ಕೊಂಡಿದೀರಾ?" ಎಂದು ಮೇಷ್ಟ್ರು ಕೇಳಿದರು.

ಅಜ್ಜ ಕೋಣೆಯ ಸುತ್ತ ನೋಡಿದ. ತುಟಿ ಅಲ್ಲಾಡಿಸುತ್ತಾ ಎಣಿಸಿದ. ಶಬಾನನ ಕಡೆಯವರು ಆರು, ಮಳೆಯಲ್ಲಿ ಬಂದವರು ಐದು. ಆಮೇಲೆ ಸ್ಟೂಲಿನ ಮೇಲಿದ್ದ ನೆಜೀರನನ್ನೂ ಕಾಫಿ ಪಾತ್ರೆ ಹಿಡಿದಿದ್ದ ನನ್ನನ್ನೂ ನೋಡಿದ.

"ಹದಿಮೂರು," ಎಂದ.

"ಎಲ್ಲರಿಗೂ ಊಟಕ್ಕೆ ಸಾಕಾಗುತ್ತಾ?"

"ನನ್ನ ಮನೇಲಿ ಯಾರೂ ಹಸಿದು ಮಲಗಿದ್ದಿಲ್ಲ ಸ್ವಾಮಿ. ನನ್ನಪ್ಪನ ಕಾಲದಲ್ಲೂ ಇಲ್ಲ."

ಸುಳ್ಳು ಹೇಳುತ್ತಿದ್ದಾನಾ ಎಂದು ಅವನ ಮುಖವನ್ನೇ ನೋಡಿದೆ. ಮಗುವಿನ ಹಾಗೆ ನೆಟ್ಟಗೆ ಕೂತಿದ್ದ. ಬುದ್ಧಿಗೆ ಮಂಕು ಕವಿದಿದೆಯಾ? ಹಾಗೂ ಇಲ್ಲ, ನಿನ್ನೆ ತಾನೇ ಶಬಾನನಿಗೆ ಇಪ್ಪತ್ತು ವರ್ಷದ ಹಿಂದಿನ ಎತ್ತುಗಳ ಹೆಸರು ಹೇಳಿದ್ದ. ಅಷ್ಟರಲ್ಲಿ ಆ ಹುಡುಗಿ ನನ್ನ ಪಕ್ಕ ಬಂದು ಕೂತು ನನ್ನ ಒದ್ದೆ ಕೈಯನ್ನು ಹಿಡಿದುಕೊಂಡಳು. ಏನೋ ಮೆತ್ತಗೆ ಕೇಳಿದಳು.

"ರಾತ್ರಿ ನಿದ್ದೆ ಬರುತ್ತಾ ಅಮ್ಮಾ ಅಂತ ಕೇಳ್ತಿದಾರೆ," ಎಂದರು ಮೇಷ್ಟ್ರು. "ನಿಮ್ಮ ಮನೆ ನೆನಪಾಗುತ್ತಾ? ಇಲ್ಲಿಯವರು ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ? ಭಯಪಡಬೇಡಿ, ಹೇಳಿ."

ಹೊರಗಿನವರ ಎದುರು ಮನೆಗೆ ಬಂದವನ ಮಾತನ್ನು ಸುಳ್ಳು ಮಾಡುವುದು ನಮ್ಮಲ್ಲಿ ಅವನ ಮುಖಕ್ಕೆ ಹೊಡೆದ ಹಾಗೆ. ನೆಜೀರ್ ಮೇಲೆ ಚಾವಣಿ ನೋಡುತ್ತಿದ್ದ. ನಾನು ಏನು ಹೇಳಲಿ? ನಿಜವನ್ನೇ ಹೇಳಿದೆ.

"ನಿದ್ದೆ ಎಲ್ಲಿ ಬರುತ್ತೆ ಮೇಷ್ಟ್ರೇ? ನೆಲ ತಣ್ಣಗಿರುತ್ತೆ. ನನ್ನ ಮನೆ ನೆನಪಾಗುತ್ತೆ. ತುಂಬಾ ನೆನಪಾಗುತ್ತೆ."

ಹುಡುಗಿಯ ಕಣ್ಣಲ್ಲಿ ನೀರು ಬಂತು. ಬರೆದುಕೊಂಡಳು. ಹೋಗುವಾಗ ನನ್ನ ಕೈಯಲ್ಲಿ ಒಂದು ಚೀಲ ಇಟ್ಟಳು. ಅದರಲ್ಲಿ ಸೋಪು, ಟವೆಲು, ಬಾಚಣಿಗೆ. ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತೇ ಇದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಮೇಷ್ಟ್ರು ಒಬ್ಬರೇ ಬಂದರು, ಕೈಯಲ್ಲಿ ಒಂದು ಪಟ್ಟಿ. ಊರಲ್ಲಿ ಜನ ಹೆಚ್ಚಾಗಿದ್ದರಿಂದ ನಿರಾಶ್ರಿತರನ್ನು ಸ್ವಲ್ಪ ಸ್ವಲ್ಪವಾಗಿ ದಕ್ಷಿಣದ ಶಿಬಿರಗಳಿಗೆ ಸಾಗಿಸುತ್ತಿದ್ದರು. "ಸೆಲ್ವಿಯೆ, ನೆಜೀರ್," ಎಂದು ಓದಿದರು. "ನೀವಿಬ್ಬರೂ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಬಸ್ ಹತ್ರ ಬರಬೇಕು."

"ಯಾವ ಬಸ್ಸು? ನಾನು ಇದೇ ಊರವಳು ಕಣ್ರೀ!"

"ಹೋಗೋಕೆ ಯಾರಿಗೂ ಇಷ್ಟ ಇರಲ್ಲ ಅಮ್ಮಾ, ನಂಗೆ ಅರ್ಥ ಆಗುತ್ತೆ," ಎಂದರು ಮೇಷ್ಟ್ರು, ಪಾಪ, ಬಹಳ ಮರುಕದಿಂದ. "ಅಲ್ಲಿ ಸಮುದ್ರ ಇದೆ. ಗಾಳಿ ಚೆನ್ನಾಗಿದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಪಟ್ಟಿ ಕಿತ್ತುಕೊಂಡು ಒಳಗೆ ಹೋದೆ. ಎಲ್ಲರೂ ಊಟಕ್ಕೆ ಕೂತಿದ್ದರು. ಒಲೆಯ ಪಕ್ಕ ಅಜ್ಜ ಯಾವುದೋ ಮದುವೆಯ ಕಥೆ ಹೇಳುತ್ತಿದ್ದ, ಶಬಾನನ ಕಡೆಯವರು ನಗುತ್ತಿದ್ದರು.

"ಇದು ಯಾರ ಮನೆ?" ಎಂದು ಕಿರುಚಿದೆ. "ಹೇಳಿ ಅಜ್ಜಾ! ನೀವು ಇವರಿಗೆಲ್ಲಾ ಕೊಟ್ಟಿರೋ ಈ ಮನೆ ಯಾರದ್ದು? ಯಾರ ಒಲೆ, ಯಾರ ಹಾಸಿಗೆ, ಯಾರ ಹಿಟ್ಟು? ನನ್ನ ಮನೆಯಿಂದ ನನ್ನನ್ನೇ ಬಸ್ ಹತ್ತಿಸ್ತಾ ಇದಾರಲ್ಲಾ!"

ನೆಜೀರ್ ಎದ್ದು ನನ್ನ ಬಾಯಿಗೆ ಕೈ ಅಡ್ಡ ಹಿಡಿದ. ಆಗಲೇ ತಡವಾಗಿತ್ತು. ಅಜ್ಜ ಕೈಯಲ್ಲಿದ್ದ ರೊಟ್ಟಿ ತುಂಡನ್ನು ಮೆಲ್ಲನೆ ತಟ್ಟೆಯ ಅಂಚಿನಲ್ಲಿಟ್ಟ. ಸುತ್ತ ನೋಡಿದ, ಗೋಡೆ, ಕಿಟಕಿ, ನನ್ನ ಮದುವೆಯ ಫೋಟೋ. ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದ. ಮುಖದಿಂದ ಬಣ್ಣ ಇಳಿಯಿತು.

"ನಿನ್ನದು ಮಗಳೇ," ಎಂದ. "ನಿನ್ನ ಮನೆ."

ಕೋಲು ಊರಿಕೊಂಡು ಎದ್ದು ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತ. ಎಷ್ಟು ಕರೆದರೂ ಮೇಲೆ ಬರಲಿಲ್ಲ. ಬೆಳಿಗ್ಗೆ ನಾನು ಎದ್ದಾಗ ಅಲ್ಲಿ ಇರಲಿಲ್ಲ. ಸರೋವರದ ಪಕ್ಕದ ಬಯಲಿನಲ್ಲಿ ಅವನು ಗಡಿ ದಾಟಿ ಬಂದ ಟ್ರ್ಯಾಕ್ಟರ್ ನಿಂತಿತ್ತು. ಅದರ ಟ್ರೇಲರಿನಲ್ಲಿ ಹೋಗಿ ಮಲಗಿದ್ದ.

ಪಟ್ಟಿಯ ವಿಷಯ ನೆಜೀರ್ ಹೋಗಿ ಒಂದೇ ಗಳಿಗೆಯಲ್ಲಿ ಸರಿಮಾಡಿಕೊಂಡು ಬಂದ. ಅಷ್ಟು ಸುಲಭದ ಕೆಲಸ! ಅದಕ್ಕೆ ನಾನು ಊರೆಲ್ಲ ಕೇಳುವ ಹಾಗೆ ಕಿರುಚಿದ್ದೆ. ಶಬಾನನ ಕಡೆಯವರೂ ಮಳೆಯಲ್ಲಿ ಬಂದವರೂ ಗಂಟು ಕಟ್ಟಿ ಹೊರಟರು. ನೆಜೀರ್ ಬಾಗಿಲಿಗೆ ಅಡ್ಡ ನಿಂತು, ದಾಟುವುದಾದರೆ ನನ್ನನ್ನು ದಾಟಿ ಹೋಗಿ ಎಂದ. ಅವರು ಗಂಟು ಇಳಿಸಿ ಉಳಿದರು. ನನ್ನ ಜೊತೆ ಮಾತ್ರ ಮಾತು ಬಿಟ್ಟ. ಮೂರನೇ ದಿನ ಹನೀಫೆ ಟ್ರೇಲರಿನಿಂದ ಅಳುತ್ತಾ ಬಂದಳು.

"ಏನೂ ಮುಟ್ತಿಲ್ಲ ಅಕ್ಕಾ. ನಿರಾಶ್ರಿತರ ಟೆಂಟಿನ ಡಾಕ್ಟ್ರು ನೋಡಿದ್ರು. ಮೈಗೆ ಏನೂ ಆಗಿಲ್ಲ, ಆದ್ರೆ ಹೀಗೇ ಇದ್ರೆ ಒಂದು ವಾರನೂ ಕಷ್ಟ ಅಂದ್ರು."

ಸುಟ್ಟ ಮನೆಯಿಂದ ಬದುಕಿ ಬಂದ ಮನುಷ್ಯ ನನ್ನ ಒಂದು ಮಾತಿನಿಂದ ಸಾಯುತ್ತಾನೆ ಎಂದು ನನಗೆ ಹೆದರಿಕೆಯಾಯಿತು. ಬೀನ್ಸ್ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಯಲಿಗೆ ಹೋದೆ.

ಅಜ್ಜ ಟ್ರೇಲರಿನ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಗಲ್ಲ ಒಳಗೆ ಹೋಗಿತ್ತು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟ.

"ತಪ್ಪಾಯ್ತು ಅಜ್ಜಾ," ಎಂದೆ. "ನನ್ನ ನಾಲಿಗೆ ಸುಟ್ಟುಹೋಗ್ಲಿ. ವಾಪಸ್ ಬನ್ನಿ."

"ನೀನು ತಪ್ಪು ಮಾಡಿಲ್ಲ ಮಗಳೇ. ಮನೆ ನಿನ್ನದೇ ತಾನೆ." ಕಂಬಳಿ ಮೇಲೆಳೆದುಕೊಂಡ. "ಬಂದು ಏನು ಮಾಡ್ಲಿ?"

"ಏನೂ ಮಾಡಬೇಡಿ. ನೆಂಟರ ಥರ ಆರಾಮಾಗಿ ಇರಿ."

"ಅದೇ ಬರಲ್ಲ ನಂಗೆ," ಎಂದ ಅಜ್ಜ. "ಎಪ್ಪತ್ತಾರು ವರ್ಷ ಆಯ್ತು. ಒಂದೇ ಒಂದು ರಾತ್ರಿ ಇನ್ನೊಬ್ಬರ ಮನೇಲಿ ಮಲಗಿದವನಲ್ಲ ನಾನು. ಜನ ನಮ್ಮಲ್ಲಿಗೆ ಬರ್ತಿದ್ರು. ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ. ನಿನ್ನ ಒಲೆ ಪಕ್ಕ ಕೂತ್ರೆ ಎಲ್ಲಾ ಮರೆತುಹೋಗ್ತಿತ್ತು. ಬಾಗಿಲು ತಟ್ಟಿದ ಸದ್ದು ಕೇಳಿದ್ರೆ ಸಾಕು, ಬಾಯಿ ತಾನಾಗೇ ಬನ್ನಿ ಅಂದ್ಬಿಡ್ತಿತ್ತು. ಆ ಹುಡುಗಿ ನಿರಾಶ್ರಿತರು ಎಷ್ಟು ಅಂತ ಕೇಳಿದ್ಲಲ್ಲ..." ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ದೇವರಾಣೆ ಮಗಳೇ, ನನ್ನನ್ನೂ ಎಣಿಸಬೇಕು ಅಂತ ಹೊಳೀಲೇ ಇಲ್ಲ."

ಬಟ್ಟಲಿಗೆ ಸಾರು ಬಗ್ಗಿಸಿ ಕೊಟ್ಟೆ. ಹಿಡಿದುಕೊಂಡ, ಬಾಯಿಗಿಡಲಿಲ್ಲ.

"ನೀನೇ ಹೇಳ್ಕೊಡು," ಎಂದ. "ನೆಂಟ ಆದವನು ಬೆಳಿಗ್ಗೆಯಿಂದ ಸಂಜೆ ತನಕ ಏನು ಮಾಡ್ತಾನೆ?"

ಯೋಚಿಸಿದೆ. ನನಗೇನು ಗೊತ್ತು? ಹೆಣ್ಣಾಗಿ ಹುಟ್ಟಿದ ಮೇಲೆ ನಾನು ಯಾರ ಮನೆಯಲ್ಲಿ ಕೈಕಟ್ಟಿ ಕೂತಿದ್ದೇನೆ? ತವರಿಗೆ ಹೋದರೂ ನೇರ ಅಡುಗೆಮನೆಗೆ ಹೋಗುತ್ತೇನೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಕೊಟ್ಟಿದ್ದನ್ನ ತಿಂತಾನೆ. ಕೇಳಿದ್ರೆ ಮಾತಾಡ್ತಾನೆ. ಬೇಕಾದ್ದನ್ನ ಮೆತ್ತಗೆ ಕೇಳ್ತಾನೆ. ಬಾಗಿಲು ತಟ್ಟಿದ್ರೆ ಸುಮ್ನಿರ್ತಾನೆ."

"ಸುಮ್ನಿರ್ತಾನೆ," ಎಂದು ಅಜ್ಜ ಪಾಠ ಒಪ್ಪಿಸುವವನ ಹಾಗೆ ಹೇಳಿಕೊಂಡ. ಆಮೇಲೆ ಒಂದು ಗುಟುಕು ಸಾರು ಕುಡಿದ. ಬದುಕಿದೆ ಅಂದುಕೊಂಡೆ. ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ.

ಮರುದಿನ ಅಜ್ಜ ವಾಪಸ್ ಬಂದ. ಬಂದು, ಬಾಗಿಲು ತೆರೆದೇ ಇದ್ದರೂ, ಹೊರಗೆ ನಿಂತು ತಟ್ಟಿದ. ನಾನು ಬನ್ನಿ ಎನ್ನುವವರೆಗೆ ಹೊಸಿಲು ದಾಟಲಿಲ್ಲ. ಎಲ್ಲಿ ಕೂರಲಿ ಎಂದು ಕೇಳಿದ. ಒಲೆಯ ಬಲಗಡೆ ಕೂರಿಸಿದೆ. ದಿವಾನದ ಅಂಚಿನಲ್ಲಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತ. ನಾನು ನಾಲ್ಕು ಚಮಚ ಬಡಿಸಿದರೆ ನಾಲ್ಕು ಚಮಚ ತಿಂದ, ಔಷಧಿ ಕುಡಿಯುವ ಹಾಗೆ. "ತೊಂದರೆ ಇಲ್ಲ ಅಂದ್ರೆ ಸ್ವಲ್ಪ ನೀರು ಕೊಡ್ತೀಯಾ ಮಗಳೇ?" ಎನ್ನುತ್ತಿದ್ದ. ಕೊಟ್ಟರೆ ನಿನ್ನಿಂದ ಉಪಕಾರವಾಯಿತು ಎನ್ನುತ್ತಿದ್ದ.

ನನಗೆ ನನ್ನ ಮನೆ ವಾಪಸ್ ಸಿಕ್ಕಿತ್ತು. ಖುಷಿಯಾಗಬೇಕಿತ್ತು ತಾನೆ? ಆ ಉಪಕಾರದ ಮಾತು ಕೇಳಿದಾಗಲೆಲ್ಲ ತಟ್ಟೆ ಎತ್ತಿ ಒಗೆಯಬೇಕು ಅನಿಸುತ್ತಿತ್ತು. "ಒಂದ್ಸಲ ಕಾಫಿ ಅಂತ ಕೂಗಿ ಅಜ್ಜಾ, ಕೇಳೋಣ," ಎಂದು ರೇಗಿಸಿದೆ. ನಗಲಿಲ್ಲ. "ನೀನು ಮಾಡಿದಾಗ ಕುಡೀತೀನಿ," ಎಂದ. ದಿನ ದಿನಕ್ಕೂ ಒಲೆಯಿಂದ ಒಂದೊಂದು ಗೇಣು ಆಚೆ ಸರಿಯುತ್ತಿದ್ದ. ವಾರದಲ್ಲಿ ಆ ಜಾಗ ಖಾಲಿಯಾಯಿತು. ನೆಜೀರ್ ಅಲ್ಲಿ ಕೂರಲಿಲ್ಲ. ಕೂರಲು ನನಗೂ ಮನಸ್ಸು ಬರಲಿಲ್ಲ. ಅಜ್ಜ ಮತ್ತೆ ಸೊರಗುತ್ತಿದ್ದ, ಟೋಪಿ ಕಿವಿಯವರೆಗೆ ಜಾರುತ್ತಿತ್ತು. ಮಾತು ಬಿಟ್ಟಿದ್ದ ನೆಜೀರನೂ ತಡೆಯಲಾರದೆ, "ಏನ್ ಮಾಡೋದೇ ಇವರನ್ನ?" ಎಂದ. ನನಗೇನು ಗೊತ್ತು, ನಿಮ್ಮ ಕಟ್ಟಳೆಯನ್ನೇ ಕೇಳಿ ಎಂದೆ.

ಅವತ್ತು ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದೆವು. ಬಾಗಿಲು ತಟ್ಟಿದ ಸದ್ದಾಯಿತು.

ಅಜ್ಜನ ಮೈ ಎದ್ದಿತು, ಕಣ್ಣಾರೆ ಕಂಡೆ. ಬಾಯಿ ತೆರೆದ. ಮತ್ತೆ ಮುಚ್ಚಿದ. ನನ್ನ ಕಡೆ ನೋಡಿದ. ಅವನು ನೋಡಿದ್ದಕ್ಕೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಬನ್ನಿ ಎನ್ನಬಹುದಿತ್ತು. ಎನ್ನಲಿಲ್ಲ. ಈ ಸಲ ಅಜ್ಜನೇ ಹೇಳಲಿ, ಹೇಳಿಯೇ ತೀರಲಿ ಎಂದು ಹಟ ಹಿಡಿದು ಕೂತೆ. ನೆಜೀರ್ ನನ್ನ ಬಾಯಿಗೆ ಕಾಯುತ್ತಿದ್ದ. ನಾನು ಅಜ್ಜನ ಬಾಯಿಗೆ ಕಾಯುತ್ತಿದ್ದೆ. ಅಜ್ಜ, ಪಾಪ, ನಾನು ಕಲಿಸಿದ ಪಾಠದಂತೆ ಸುಮ್ಮನಿದ್ದ.

ಇನ್ನೊಮ್ಮೆ ತಟ್ಟಿದರು, ಮೊದಲಿಗಿಂತ ಮೆತ್ತಗೆ. ಆಮೇಲೆ ಮೆಟ್ಟಿಲಿಳಿಯುವ ಹೆಜ್ಜೆಗಳು ಕೇಳಿದವು.

ಹದಿನೇಳು ಜನ ಮನೆಯೊಳಗಿದ್ದು, ಬಂದವರನ್ನು ಹಾಗೇ ವಾಪಸ್ ಕಳಿಸಿದ್ದೆವು! ಬರಿಗಾಲಲ್ಲಿ ಮೂರು ಮಹಡಿ ಇಳಿದು ಓಡಿದೆ. ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಗಂಟುಗಳು, ಜನ.

"ಯಾರು ಬಾಗಿಲು ತಟ್ಟಿದ್ದು?" ಎಂದು ಕೂಗಿದೆ. "ಈಗ ಮೂರನೇ ಮಹಡಿ ಬಾಗಿಲು ತಟ್ಟಿದವರು ಯಾರು?"

ಎಲ್ಲರೂ ನನ್ನನ್ನು ನೋಡಿದರು. "ನಾವೇ," ಎಂದ ಒಬ್ಬ. "ಇಲ್ಲಮ್ಮಾ, ನಾವು," ಎಂದಳು ಒಬ್ಬಳು, ಕಂಕುಳಲ್ಲಿ ಮಗು. ಆಚೆ ಟ್ರೇಲರಿನಿಂದ ಇನ್ನೊಬ್ಬರು ಕೈ ಎತ್ತಿದರು. ಹತ್ತು ಕೈ ಎದ್ದವು. ತಟ್ಟಿದ್ದು ಯಾರೋ ದೇವರಿಗೇ ಗೊತ್ತು. ತಲೆ ಎತ್ತಿದೆ. ಅಜ್ಜ ಬಾಲ್ಕನಿಗೆ ಬಂದು ನಿಂತಿದ್ದ.

"ಅಜ್ಜಾ!" ಎಂದು ಕೂಗಿದೆ. "ಯಾರನ್ನ ಕರ್ಕೊಂಡು ಬರ್ಲಿ? ಹೇಳಿ!"

"ನಿನ್ನ ಮನೆ ಮಗಳೇ," ಎಂದ ಮೇಲಿನಿಂದ. "ನೀನೇ ನೋಡು."

ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಚುಚ್ಚಿತು. ನೋಡಿದೆ. ಒಬ್ಬರ ಮುಖ ನೋಡಿದರೆ ಇನ್ನೊಬ್ಬರನ್ನು ಬಿಡಬೇಕು. ಅಜ್ಜ ಯಾರನ್ನಾದರೂ ಕರೆಯುವಾಗ ಎಷ್ಟು ಜನ, ಯಾರು ಎಂದು ನೋಡಿದ್ದೇ ಇಲ್ಲ ಎಂದು ಆಗ ಹೊಳೆಯಿತು. ನಾನು ಎಣಿಸುವವಳು, ನನಗೆ ಈ ಕೆಲಸ ಬರುವುದಿಲ್ಲ. ಕೊನೆಗೆ ಕಣ್ಣು ತಗ್ಗಿಸಿ, ಕೈಗೆ ಹತ್ತಿರ ಇದ್ದ ಒಬ್ಬ ಮುದುಕಿಯ ಕೈ ಹಿಡಿದುಕೊಂಡೆ. ಅವಳ ಕಾಲು ಊದಿತ್ತು. ಹಿಂದೆ ಅವಳ ಮಗಳು, ಇನ್ನೂ ಕಣ್ಣು ಬಿಡದ ಕೂಸು.

ಮೆಟ್ಟಿಲು ಹತ್ತುವಾಗ ಮುದುಕಿ ಏದುಸಿರು ಬಿಡುತ್ತಾ ಕೇಳಿದಳು. "ಮನೆ ಯಜಮಾನರು ಯಾರಮ್ಮಾ? ಮೊದಲು ಅವರಿಗೆ ಕೈ ಮುಗೀಬೇಕಲ್ಲ."

"ಮೇಲೆ ಇದಾರೆ," ಎಂದೆ. ಯಾರನ್ನು ನೆನೆದು ಹೇಳಿದೆನೋ ನನಗೇ ಗೊತ್ತಾಗಲಿಲ್ಲ.

ಒಳಗೆ ಬಂದಾಗ ನೆಜೀರನೂ ಅಜ್ಜನೂ ಎದ್ದು ನಿಂತಿದ್ದರು, ಒಬ್ಬ ಬಾಗಿಲ ಪಕ್ಕ, ಒಬ್ಬ ಕಿಟಕಿಯ ಪಕ್ಕ. ಯಾರಿಗೆ ಕೈ ಮುಗಿಯುವುದೆಂದು ಮುದುಕಿ ಅವನನ್ನೊಮ್ಮೆ ಇವನನ್ನೊಮ್ಮೆ ನೋಡಿದಳು. ಕಾಲು ತಡೆಯಲಿಲ್ಲ. ಎದುರಿಗೆ ಖಾಲಿ ಕಂಡ ಜಾಗದಲ್ಲಿ, ಒಲೆಯ ಬಲಗಡೆ, ದೊಪ್ಪನೆ ಕೂತುಬಿಟ್ಟಳು. ಶಬಾನ್ ಅಯ್ಯೋ ಎಂದ. ಆ ಜಾಗದಲ್ಲಿ ಹೆಂಗಸೊಬ್ಬಳು ಕೂತದ್ದನ್ನು ಅಜ್ಜ ತನ್ನ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ನೋಡುತ್ತಾ ನಿಂತ.

"ನೀರು," ಎಂದಳು ಮುದುಕಿ, ಕಣ್ಣು ಮುಚ್ಚಿಕೊಂಡು, ಯಾರಿಗೆಂದಿಲ್ಲದೆ.

ನಾನು ತಿರುಗಿದೆ. ಅಜ್ಜ ಆಗಲೇ ತಿರುಗಿದ್ದ. "ಮಾವಾ, ನೀವು ಕೂತ್ಕೊಳ್ಳಿ, ನಾನು ತರ್ತೀನಿ," ಎಂದು ಹನೀಫೆ ಓಡಿಬಂದಳು. ಅವನು ಕೋಲು ಅಡ್ಡ ಹಿಡಿದು ಅವಳನ್ನು ತಡೆದ. ಸೊಸೆಯಂದಿರು ತುಂಬಿದ್ದ ಮನೆಯಲ್ಲಿ ಬಾಳಿದವನು, ಒಂದು ಲೋಟ ನೀರನ್ನು ತಾನೇ ಬಗ್ಗಿಸಿಕೊಂಡು ಕುಡಿದವನಲ್ಲ. ಮೆಲ್ಲಗೆ ಅಡುಗೆಮನೆಗೆ ಹೋದ. ಕಪಾಟಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ಇನ್ನೊಂದು. ಇನ್ನೂ ಒಂದು. ಏನೋ ಕೆಳಗೆ ಬಿದ್ದು ಉರುಳಿತು.

ಆಮೇಲೆ ದನಿ ಬಂತು, ಕಟ್ಟಡಕ್ಕೆಲ್ಲ ಕೇಳುವಷ್ಟು ಜೋರಾಗಿ.

"ಮಗಳೇ! ಈ ಮನೇಲಿ ಲೋಟ ಎಲ್ಲಿ ಇಡ್ತೀವಿ?"

ನಾನು ಹೋಗಿ ತೋರಿಸಿದೆ.